ಗೋಧಿ ಬಣ್ಣ, ಸಾಧಾರಣ ಮೈಕಟ್ಟು – ಇಷ್ಟು ಹೇಳಿದರೆ ಸಾಕೇ?

"ಕಾಣೆಯಾಗಿದ್ದಾರೆ" ಎಂಬ ಪ್ರಕಟಣೆಯನ್ನು ನೀವು ಪತ್ರಿಕೆಯ ಮೂಲೆಯಲ್ಲೋ ಬಸ್ ನಿಲ್ದಾಣದ ಗೋಡೆಯ ಮೇಲೋ ಎಷ್ಟೋ ಸಲ ಓದಿರುತ್ತೀರಿ. ಎತ್ತರ ಐದು ಅಡಿ ನಾಲ್ಕು ಅಂಗುಲ, ಕೋಲು ಮುಖ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ದೆಹಲಿಯಲ್ಲಿ ಹಳಬರಾದವರಿಗೆ ದೂರದರ್ಶನದಲ್ಲಿ ಬರುತ್ತಿದ್ದ 'ಗುಮ್‌ಶುದಾ ತಲಾಶ್ ಕೇಂದ್ರ'ದ ಪ್ರಕಟಣೆಯೂ ನೆನಪಿರಬಹುದು. ಅಲ್ಲಿಯೂ ಇದೇ ಧಾಟಿ, ಇದೇ ಗೋಧಿ ಬಣ್ಣ. ಈ ಮಾತನ್ನೇ ಹೆಸರಾಗಿಟ್ಟುಕೊಂಡು 2016ರಲ್ಲಿ ಹೇಮಂತ್ ರಾವ್ ಒಂದು ಸಿನಿಮಾ ಮಾಡಿದರು. ಆಲ್‌ಜೈಮರ್ಸ್ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್, ಕಾಣೆಯಾದ ಅಪ್ಪನನ್ನು ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಮಗ ಹುಡುಕಲು ಹೊರಟಾಗಲೇ ಅಪ್ಪನ ಬಗ್ಗೆ ತನಗೆ ಗೊತ್ತಿರುವುದು ಎಷ್ಟು ಕಡಿಮೆ ಎಂದು ಅವನಿಗೆ ತಿಳಿಯುವುದು.

ಈ ವಿವರಣೆಯ ತೊಂದರೆ ಏನೆಂದರೆ ಅದು ಎಲ್ಲರಿಗೂ ಹೊಂದುತ್ತದೆ, ಹಾಗಾಗಿ ಯಾರನ್ನೂ ಹುಡುಕಿಕೊಡುವುದಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ "ಕನ್ನಡ ಮಾತನಾಡುತ್ತಾರೆ" ಎಂಬುದಕ್ಕೂ ಅರ್ಥವಿಲ್ಲ, ಊರಿಗೆ ಊರೇ ಕನ್ನಡ ಮಾತನಾಡುತ್ತದೆ. ಆದರೆ ನೋಯ್ಡಾದಲ್ಲಿ? ಇಲ್ಲಿ ಆ ಎರಡು ಪದವೇ ದೊಡ್ಡ ಗುರುತು. ದೊಡ್ಡ ಅಡ್ಡಿಯೂ ಅದೇ. ಈ ಸಂಚಿಕೆಯಲ್ಲಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ನೋಡೋಣ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಸೆಕ್ಟರ್ 62ರ ಒಂದು ಸೊಸೈಟಿ, ಒಂಬತ್ತನೆಯ ಮಹಡಿ. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿ, ಸೊಸೆ ಬ್ಯಾಂಕಿನಲ್ಲಿ. ಯಜಮಾನರು ತೀರಿಕೊಂಡ ಮೇಲೆ ತಾಯಿಯನ್ನು ಧಾರವಾಡದಿಂದ ಕರೆದುಕೊಂಡು ಬಂದಿದ್ದಾರೆ. ಮರೆವು ಆಗಲೇ ಶುರುವಾಗಿತ್ತು, ಆದರೆ ಸ್ವಂತ ಮನೆಯಲ್ಲಿ ಅದು ಅಷ್ಟಾಗಿ ಕಾಣಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಪ್ರತಿದಿನ ಸಂಜೆ ಐದಕ್ಕೆ ಒಂದೇ ತಗಾದೆ: "ಹೊತ್ತು ಮುಳಗಾಕ್ಹತ್ತೇತಿ, ಮನಿಗೆ ಹೋಗಬೇಕ್ರಿ." ಒಂದು ದಿನ ಕೆಲಸದಾಕೆ ಬಾಗಿಲು ಎಳೆದುಕೊಂಡು ಹೋದ ಐದು ನಿಮಿಷದಲ್ಲಿ ಅವರೂ ಲಿಫ್ಟ್ ಇಳಿದು ಗೇಟು ದಾಟಿದರು. ರಸ್ತೆಯಲ್ಲಿ ಸಿಕ್ಕವರಿಗೆಲ್ಲ "ಮನಿಗೆ ಹೋಗಬೇಕ್ರಿ" ಎನ್ನುತ್ತಾರೆ. ಇಲ್ಲಿಯವರ ಕಿವಿಗೆ ಬೀಳುವುದು 'ಮನಿ' ಮಾತ್ರ. ದುಡ್ಡು ಕೇಳುತ್ತಿದ್ದಾಳೆ ಎಂದುಕೊಂಡು ಒಬ್ಬರು ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗುತ್ತಾರೆ.

ಇದು ಕಟ್ಟಿದ ಉದಾಹರಣೆ, ಆದರೆ ಅತಿಶಯವಲ್ಲ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ನಾವು ಅದನ್ನು "ಅರಳು ಮರಳು" ಎಂದು ನಕ್ಕು ಬಿಡುತ್ತೇವೆ. ವಯಸ್ಸಾದರೆ ಹಾಗೇ ಎನ್ನುತ್ತೇವೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸು. ಕನ್ನಡಕ ಏತಕ್ಕೆ ಎಂಬುದೇ ಮರೆತರೆ ಅದು ಕಾಯಿಲೆ.

ಈ ಕಾಯಿಲೆಯವರು ದಾರಿ ಏಕೆ ತಪ್ಪುತ್ತಾರೆ? ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಒಂದು ಸಣ್ಣ ಭಾಗವಿದೆ. ನಾವು ಯಾವ ಜಾಗದಲ್ಲಿದ್ದೇವೆ ಎಂದು ಗುರುತಿಸುವ ಜೀವಕೋಶಗಳು ಅಲ್ಲಿರುವುದನ್ನು 1971ರಲ್ಲಿ ಜಾನ್ ಓಕೀಫ್ ತೋರಿಸಿದರು. ಅದರ ಪಕ್ಕದ ಭಾಗದಲ್ಲಿ ನಕ್ಷೆಯ ಚೌಕಗಳಂತೆ ಕೆಲಸ ಮಾಡುವ ಕೋಶಗಳನ್ನು 2005ರಲ್ಲಿ ನಾರ್ವೆಯ ಮೋಸರ್ ದಂಪತಿ ಕಂಡುಹಿಡಿದರು. ಮೂವರಿಗೂ 2014ರ ನೊಬೆಲ್ ಬಂತು. ಆಲ್‌ಜೈಮರ್ಸ್ ಮೊಟ್ಟಮೊದಲು ಕೈಹಾಕುವುದು ಈ ಎರಡು ಭಾಗಗಳಿಗೇ. ಹೊಸ ನಕ್ಷೆ ಬರೆಯುವ ಶಕ್ತಿ ಹೋಗುತ್ತದೆ, ಐವತ್ತು ವರ್ಷ ಹಳೆಯ ನಕ್ಷೆ ಮಾತ್ರ ಬಹಳ ಕಾಲ ಉಳಿದಿರುತ್ತದೆ. ಧಾರವಾಡದ ಮನೆಯಲ್ಲಿ ಕತ್ತಲೆಯಲ್ಲೂ ಬಚ್ಚಲಿಗೆ ಹೋಗಿ ಬರುತ್ತಿದ್ದ ಜೀವಕ್ಕೆ ನೋಯ್ಡಾದ ಫ್ಲ್ಯಾಟಿನ ನಕ್ಷೆ ಮೂಡುವುದೇ ಇಲ್ಲ. ಮೇಲಾಗಿ ಇಲ್ಲಿನ ಟವರುಗಳೆಲ್ಲ ಒಂದೇ ಅಚ್ಚಿನವು. ಎ, ಬಿ, ಸಿ ಬ್ಲಾಕುಗಳಲ್ಲಿ ಮೊದಲ ತಿಂಗಳು ನಾವೇ ತಪ್ಪಿಸಿಕೊಂಡಿಲ್ಲವೇ!

ಆದ್ದರಿಂದ "ಅಲೆದಾಟ" ಎಂಬ ಪದವೇ ನನಗೆ ಅಷ್ಟು ಸರಿ ಎನಿಸುವುದಿಲ್ಲ. ಅವರು ಅಲೆಯುತ್ತಿಲ್ಲ, ಎಲ್ಲಿಗೋ ಹೊರಟಿದ್ದಾರೆ. ಶಾಲೆಯಿಂದ ಬರುವ ಮಗುವನ್ನು ಕರೆತರಲು, ಕಚೇರಿಗೆ, ತವರಿಗೆ. ಆ ಮಗುವಿಗೆ ಈಗ ಐವತ್ತು ವರ್ಷ, ಆ ಕಚೇರಿ ಎರಡು ಸಾವಿರ ಕಿಲೋಮೀಟರ್ ಆಚೆ ಇದೆ, ಅಷ್ಟೇ. ಹೊರಡುವುದು ಹೆಚ್ಚಾಗಿ ಸಂಜೆ ಹೊತ್ತು. ಬೆಳಕು ಇಳಿಯುವಾಗ ಈ ಕಾಯಿಲೆಯವರ ತಳಮಳ ಏರುತ್ತದೆ ಎಂಬುದು ವೈದ್ಯರೆಲ್ಲ ಬಲ್ಲ ಸಂಗತಿ. ಮನೆಯಲ್ಲಿ ಎಲ್ಲರೂ ದಣಿದು ಬರುವ ಹೊತ್ತೂ ಅದೇ.

ಭಾಷೆಯ ಕಥೆಯೂ ಇಂಥದ್ದೇ. ಎರಡು ಮೂರು ಭಾಷೆ ಬಲ್ಲವರಲ್ಲಿ ಕಾಯಿಲೆ ಬಲಿತಂತೆ ಸಾಮಾನ್ಯವಾಗಿ ಆಮೇಲೆ ಕಲಿತ ಭಾಷೆ ಮೊದಲು ಕಳಚುತ್ತದೆ, ತಾಯ್ನುಡಿ ಕೊನೆಗೆ ಉಳಿಯುತ್ತದೆ. ದೆಹಲಿಯಲ್ಲಿ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿ, ಹಿಂದಿಯಲ್ಲಿ ಜಗಳವಾಡಿ ತರಕಾರಿ ತಂದವರೂ ಒಂದು ದಿನ ಕನ್ನಡಕ್ಕೆ ಮರಳಬಹುದು. (ಒಂದು ಸಮಾಧಾನದ ಮಾತೂ ಇಲ್ಲಿ ಹೇಳಬೇಕು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿರುವುದು ಕಂಡುಬಂತು. ಹೊರನಾಡ ಕನ್ನಡಿಗರಿಗೆ ಇದೊಂದು ಸಣ್ಣ ಲಾಭ.)

ಈಗ ಹುಡುಕುವ ವಿಚಾರ. ಅಮೆರಿಕದ ರಾಬರ್ಟ್ ಕೋಸ್ಟರ್ ಎಂಬವರು ದಾರಿ ತಪ್ಪಿದವರ ನಡವಳಿಕೆಯನ್ನೇ ಅಧ್ಯಯನ ಮಾಡಿದವರು. ಸಾವಿರಾರು ಹುಡುಕಾಟಗಳ ದಾಖಲೆ ಕಲೆಹಾಕಿ 2008ರಲ್ಲಿ ಒಂದು ಪುಸ್ತಕ ತಂದರು. ಡಿಮೆನ್ಷಿಯಾ ಇರುವವರ ಬಗ್ಗೆ ಅವರು ಕಂಡದ್ದು ನಮ್ಮ ಎಣಿಕೆಗೆ ವಿರುದ್ಧವಾಗಿದೆ. ಅವರು ಬಹಳ ದೂರ ಹೋಗಿರುವುದಿಲ್ಲ. ಹೊರಟ ದಿಕ್ಕಿನಲ್ಲೇ ನೇರ ಹೋಗುತ್ತ, ಏನಾದರೂ ಅಡ್ಡ ಬಂದು ಸಿಕ್ಕಿಕೊಳ್ಳುವವರೆಗೂ ನಡೆಯುತ್ತಾರೆ. ಸಿಕ್ಕಿಕೊಂಡ ಮೇಲೆ ಹಿಂದಕ್ಕೆ ತಿರುಗುವ ಉಪಾಯ ಹೊಳೆಯುವುದಿಲ್ಲ. ಪೊದೆ, ಕಾಲುವೆ, ಬೇಲಿಯ ಸಂದು ಇವೇ ಅವರು ಸಿಗುವ ಜಾಗಗಳು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಸಹಾಯಕ್ಕೆ ಕೂಗುವುದಿಲ್ಲ, ಕರೆದರೆ ಓಗೊಡುವುದೂ ಅಪರೂಪ. ಹಾಗಾಗಿ "ಅಮ್ಮಾ, ಅಮ್ಮಾ" ಎಂದು ಕೂಗುತ್ತ ಕಾರಿನಲ್ಲಿ ಸುತ್ತುವುದರಿಂದ ಆಗುವ ಲಾಭ ಕಡಿಮೆ. ಇಳಿದು, ನಡೆದು, ಕಣ್ಣಿನಿಂದ ನೋಡಬೇಕು. ನೋಯ್ಡಾದಲ್ಲಿ ಅದರ ಅರ್ಥ: ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್, ಮೆಟ್ಟಿಲ ಸಂದು, ಟೆರೇಸ್, ಪಂಪ್ ರೂಮು. ಆಮೇಲೆ ಪಕ್ಕದ ಪಾರ್ಕು, ರಸ್ತೆ ಬದಿಯ ಗ್ರೀನ್ ಬೆಲ್ಟು, ನಾಲೆಯ ಅಂಚು, ಕಟ್ಟುತ್ತಿರುವ ಕಟ್ಟಡಗಳು. ಮನೆಯೊಳಗೂ ಒಮ್ಮೆ ನೋಡಿ, ಬೀರುವಿನ ಹಿಂದೆ, ಮಂಚದ ಕೆಳಗೆ, ಬಾಲ್ಕನಿಯಲ್ಲಿ.

ಸಮಯದ ಲೆಕ್ಕ ಹೀಗಿದೆ. ವಯಸ್ಸಾದವರು ಗಂಟೆಗೆ ಮೂರು ಕಿಲೋಮೀಟರ್ ನಡೆಯುತ್ತಾರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ಒಂದು ಕಿಲೋಮೀಟರ್. ಆಗ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು ಮೂರು ಚದರ ಕಿಲೋಮೀಟರ್. ಒಂದು ಗಂಟೆ ಕಳೆದರೆ ಅದು 28 ಚದರ ಕಿಲೋಮೀಟರ್. ಸಮಯ ಮೂರು ಪಟ್ಟು, ಜಾಗ ಒಂಬತ್ತು ಪಟ್ಟು. ನೆಂಟರಿಗೆಲ್ಲ ಫೋನ್ ಮಾಡಿ "ಅಲ್ಲಿಗೇನಾದರೂ ಬಂದರಾ" ಎಂದು ಕೇಳುತ್ತ ಕೂರುವ ಮೊದಲ ಅರ್ಧ ಗಂಟೆಯಲ್ಲೇ ಕೆಲಸ ಕೈಮೀರುತ್ತದೆ. ಜೂನ್ ತಿಂಗಳ 45 ಡಿಗ್ರಿ ಬಿಸಿಲಲ್ಲಿ ಅಥವಾ ಜನವರಿಯ ಮಂಜಿನ ರಾತ್ರಿಯಲ್ಲಿ ಉಳಿದದ್ದನ್ನು ಹೇಳಬೇಕಾಗಿಲ್ಲ.

ಮೊದಲು ಗೇಟಿಗೆ ಹೋಗಿ. ನಮ್ಮ ಸೊಸೈಟಿಗಳ ಗಾರ್ಡುಗಳು ಒಳಗೆ ಬರುವ ಪಿಜ್ಜಾ ಹುಡುಗನ ಹೆಸರು, ಫೋನ್ ನಂಬರು, ಗಾಡಿ ನಂಬರು ಎಲ್ಲ ಬರೆದುಕೊಳ್ಳುತ್ತಾರೆ. ಹೊರಗೆ ಹೋಗುವ ಅಜ್ಜಿಯನ್ನು ಕೇಳುವವರಿಲ್ಲ. "ಮಾತಾಜಿ ನಮಸ್ತೆ" ಎಂದು ಗೇಟು ತೆಗೆದುಕೊಡುತ್ತಾರೆ. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಲ್ಲ. ಮನೆಯಲ್ಲಿ ಇಂಥವರು ಇದ್ದರೆ ಎರಡೂ ಪಾಳಿಯ ಗಾರ್ಡುಗಳಿಗೆ ಮುಖ ತೋರಿಸಿ, ಗುಮಟಿಯೊಳಗೆ ಫೋಟೊ ಅಂಟಿಸಿಡುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ಉಪಾಯ. ನಾಚಿಕೆ ಪಡುವಂಥದ್ದು ಇದರಲ್ಲೇನೂ ಇಲ್ಲ. ಕಾಣೆಯಾದ ಮೇಲೆ ಸಿಸಿಟಿವಿಯಲ್ಲಿ ಮೂರು ಸಂಗತಿ ನೋಡಿ: ಹೊರಟ ಸಮಯ, ಉಟ್ಟಿದ್ದ ಬಟ್ಟೆ, ಗೇಟಿನಿಂದ ತಿರುಗಿದ ದಿಕ್ಕು. ಚಪ್ಪಲಿ ಹಾಕಿದ್ದರೇ ಇಲ್ಲವೇ ಎಂಬುದನ್ನೂ ಗಮನಿಸಿ. ಒಬ್ಬರು ಮನೆಯಲ್ಲೇ ಇರಲಿ, ಏಕೆಂದರೆ ಅವರಾಗಿಯೇ ವಾಪಸು ಬರುವುದೂ ಉಂಟು.

ಜೊತೆಜೊತೆಗೇ 112ಕ್ಕೆ ಫೋನ್ ಮಾಡಿ. "24 ಗಂಟೆ ಕಾಯಬೇಕು" ಎಂಬುದು ಸಿನಿಮಾದ ಕಾನೂನು, ಅಂಥ ನಿಯಮ ಎಲ್ಲಿಯೂ ಇಲ್ಲ. ಫೋನಿನಲ್ಲಿ "ಬುಜುರ್ಗ್ ಹೈಂ, ಭೂಲ್ನೇ ಕೀ ಬೀಮಾರೀ ಹೈ, ಹಿಂದಿ ನಹೀಂ ಬೋಲ್ತೀಂ" ಎಂಬ ಮೂರು ಮಾತು ಮೊದಲೇ ಹೇಳಿಬಿಡಿ. ವಯಸ್ಕರು ಮನೆ ಬಿಟ್ಟು ಹೋಗಿದ್ದಾರೆ ಎಂದರೆ ಪೊಲೀಸರು ಜಗಳವೋ ಸಾಲವೋ ಎಂದು ಯೋಚಿಸುತ್ತಾರೆ. ಕಾಯಿಲೆ ಎಂದು ತಿಳಿದರೆ ನಡೆಯುವ ವೇಗವೇ ಬೇರೆ. ವೈದ್ಯರ ಚೀಟಿ ಇದ್ದರೆ ತೋರಿಸಿ. 14567 ಎಂಬ ಹಿರಿಯರ ರಾಷ್ಟ್ರೀಯ ಸಹಾಯವಾಣಿಯೂ ಇದೆ, 2021ರಲ್ಲಿ ಆರಂಭವಾದದ್ದು. ಬೆಂಗಳೂರಿನಲ್ಲಿ ಸಿಟಿ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲೇ ಶುರುಮಾಡಿದ 1090 ಹಿರಿಯರ ಸಹಾಯವಾಣಿಯ ದಾರಿಯಲ್ಲೇ ಬಂದದ್ದು. ಸಲಹೆಗೆ, ಆಶ್ರಯ ಹುಡುಕುವುದಕ್ಕೆ ಅದು ಒಳ್ಳೆಯದು. ಆದರೆ ಹಗಲು ಹೊತ್ತಿನ ಸೇವೆ, ತುರ್ತಿಗೆ 112ನ್ನೇ ಹಿಡಿಯಿರಿ.

ಇಲ್ಲಿ ನೋಯ್ಡಾದ ವಿಶೇಷ ತೊಂದರೆಯೊಂದಿದೆ: ಗಡಿ. ಸೆಕ್ಟರ್ 62ರವರಿಗೆ ಪೊಲೀಸ್ ಠಾಣೆ ಸೆಕ್ಟರ್ 58ರದ್ದು, ಗೌತಮ ಬುದ್ಧ ನಗರ ಕಮಿಷನರೇಟಿಗೆ ಸೇರಿದ್ದು. ಹೆದ್ದಾರಿ ದಾಟಿದರೆ ಇಂದಿರಾಪುರಂ, ಅದು ಗಾಜಿಯಾಬಾದ್ ಕಮಿಷನರೇಟು. ಸೆಕ್ಟರ್ 15ರಿಂದ ಬ್ಲೂ ಲೈನಿನಲ್ಲಿ ಒಂದೇ ನಿಲ್ದಾಣ ಮುಂದೆ ನ್ಯೂ ಅಶೋಕ ನಗರ, ಅದು ದೆಹಲಿ ಪೊಲೀಸರ ಸೀಮೆ. ಮರೆವಿನವರಿಗೆ ಈ ಗೆರೆಗಳು ಯಾವುವೂ ಕಾಣುವುದಿಲ್ಲ, ನಮ್ಮ ದೂರಿಗೆ ಮಾತ್ರ ಕಾಣುತ್ತವೆ. ಈ ಕಾರಣಕ್ಕೇ 2004ರಲ್ಲಿ ದೆಹಲಿ, ಉತ್ತರ ಪ್ರದೇಶ, ಹರಿಯಾಣ ಮುಂತಾದ ರಾಜ್ಯಗಳ ಪೊಲೀಸರು ಸೇರಿ ಜಿಪ್‌ನೆಟ್ ಎಂಬ ಹಂಚಿಕೆಯ ಜಾಲ ಮಾಡಿಕೊಂಡರು. ಕಾಣೆಯಾದವರು, ಗುರುತು ಹೇಳಲಾಗದ ಸ್ಥಿತಿಯಲ್ಲಿ ಸಿಕ್ಕವರು, ವಾರಸುದಾರರಿಲ್ಲದ ಶವಗಳು, ಎಲ್ಲದರ ವಿವರ ಅದರಲ್ಲಿ ಬರುತ್ತದೆ. ನಿಮ್ಮ ದೂರು ಅದಕ್ಕೆ ಏರಿದೆಯೇ ಎಂದು ತನಿಖಾಧಿಕಾರಿಯನ್ನು ಕೇಳಿ. ಹಾಗೆಂದು ಕಂಪ್ಯೂಟರನ್ನು ನಂಬಿ ಕೂರಬೇಡಿ. ಮೂರೂ ಕಡೆಯ ಠಾಣೆಗಳಿಗೆ ನೀವೇ ಫೋಟೊ ಹಿಡಿದು ಹೋಗಿ. ಮೆಟ್ರೊ ಅನುಮಾನವಿದ್ದರೆ ಅವರ ಸಹಾಯವಾಣಿ 155370, ರೈಲ್ವೆಗೆ 139. ಟಿಕೆಟ್ ಇಲ್ಲದೆ ಮೆಟ್ರೊ ಗೇಟು ತೆರೆಯದು, ಆದ್ದರಿಂದ ಜೇಬಿನಲ್ಲಿ ಕಾರ್ಡ್ ಇಲ್ಲದ ಅಜ್ಜಿಗಿಂತ ಕಾರ್ಡ್ ಇಟ್ಟುಕೊಂಡ ನಿವೃತ್ತ ಅಜ್ಜನ ವಿಷಯದಲ್ಲಿ ಅಲ್ಲಿ ಮೊದಲು ವಿಚಾರಿಸಿ. ನನ್ನ ಅಂದಾಜಿನಲ್ಲಿ ಹೆಚ್ಚಿನ ಅಪಾಯ ಇ-ರಿಕ್ಷಾದ್ದು. ಕೈಮಾಡಿದರೆ ನಿಲ್ಲುತ್ತದೆ, ಹತ್ತಿದವರನ್ನು ಕೊನೆಯ ನಿಲ್ದಾಣದಲ್ಲಿ ಇಳಿಸಿ ಹೋಗುತ್ತದೆ. ಗೇಟಿನ ಬಳಿಯ ಇ-ರಿಕ್ಷಾದವರನ್ನು ಕೇಳುವುದು ಮರೆಯಬೇಡಿ.

ಆಸ್ಪತ್ರೆಗಳಲ್ಲಿ ಸೆಕ್ಟರ್ 39ರ ಜಿಲ್ಲಾ ಆಸ್ಪತ್ರೆ, ದೆಹಲಿ ಕಡೆ ದಿಲ್ಶಾದ್ ಗಾರ್ಡನ್‌ನ ಜಿಟಿಬಿ ಮತ್ತು ಇಹಬಾಸ್ ನೋಡಿ. ದೇವಸ್ಥಾನಗಳನ್ನೂ ಬಿಡಬೇಡಿ. ಸೆಕ್ಟರ್ 62ರ ವಿನಾಯಕ–ಕಾರ್ತಿಕೇಯ ಗುಡಿ, ಮಯೂರ್ ವಿಹಾರ್‌ನ ಉತ್ತರ ಗುರುವಾಯೂರಪ್ಪನ್ ಗುಡಿ ಇವೆಲ್ಲ ಊರಿನ ವಾಸನೆ ಇರುವ ಜಾಗಗಳು. ಗಂಟೆ, ಕರ್ಪೂರ, ಪ್ರಸಾದ ಇವು ಹಳೆಯ ನಕ್ಷೆಯಲ್ಲೂ ಇರುತ್ತವೆ. ಹಸಿದವರು ಹೋಗಿ ಕೂರುವ ಜಾಗ ಗುರುದ್ವಾರ.

ಕಾನೂನು ಏನು ಹೇಳುತ್ತದೆ? 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 100ನೆಯ ಕಲಂ ನೆನಪಿಟ್ಟುಕೊಳ್ಳಬೇಕಾದದ್ದು. ಆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಎಂಬುದರ ವ್ಯಾಖ್ಯೆಯೊಳಗೆ ನೆನಪು ಮತ್ತು ದಿಕ್ಕು-ಕಾಲದ ಅರಿವು ತೀವ್ರವಾಗಿ ಕೆಡುವುದೂ ಸೇರಿದೆ. ಹೀಗೆ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ತಿರುಗಾಡುತ್ತಿರುವವರು ಕಂಡರೆ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಳ್ಳಬೇಕು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದ ವ್ಯಕ್ತಿ ಎಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣಾಧಿಕಾರಿಯದೇ ಹೊಣೆ. ದಾರಿಯಲ್ಲಿ ಯಾರೋ ಸಿಕ್ಕು, ಠಾಣೆಯವರು "ನಮಗೇಕೆ" ಎಂದರೆ ಈ ಕಲಮಿನ ಹೆಸರು ಹೇಳಿ.

ಮನೆಯವರನ್ನು ಹುಡುಕುವುದು ಕಾನೂನಿನಲ್ಲಿ ಸುಲಭ. ಮಾತು ಅರ್ಥವಾಗದಿದ್ದರೆ? 2024ರ ಡಿಸೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಒಂದು ವೃದ್ಧಾಶ್ರಮದಲ್ಲಿ ಹೊಸಪೇಟೆ ಕಡೆಯ ಒಬ್ಬ ಹೆಂಗಸು ಪತ್ತೆಯಾದರು. ಮಾನಸಿಕ ಸ್ಥಿಮಿತ ತಪ್ಪಿ ಮನೆಯಿಂದ ದೂರವಾಗಿ ಸುಮಾರು 25 ವರ್ಷ ಆಗಿತ್ತು. ಮನೆಯವರು ಸತ್ತಿದ್ದಾರೆಂದು ತಿಳಿದು ತಿಥಿಯನ್ನೂ ಮಾಡಿಬಿಟ್ಟಿದ್ದರು. ಉತ್ತರದ ಆಶ್ರಮಗಳಲ್ಲಿ ಆಕೆ ಆಡಿದ ಮಾತು ಯಾರಿಗೂ ತಿಳಿಯಲಿಲ್ಲ. ಆಶ್ರಮಕ್ಕೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರಿಗೆ ಇದು ಕನ್ನಡ ಇರಬಹುದು ಎಂದು ಹೊಳೆದು, ಅದೇ ರಾಜ್ಯದಲ್ಲಿ ಕೆಲಸದಲ್ಲಿದ್ದ ಕರ್ನಾಟಕ ಮೂಲದ ಅಧಿಕಾರಿಗಳಿಂದ ಮಾತನಾಡಿಸಿದರು. ಊರಿನ ಹೆಸರು ಬಾಯಿಂದ ಬಂತು. ಕೆಲವೇ ದಿನಗಳಲ್ಲಿ ಮಕ್ಕಳ ಬಳಿಗೆ ಸೇರಿದರು. ಇಪ್ಪತ್ತೈದು ವರ್ಷದಲ್ಲಿ ಆಗದ ಕೆಲಸ ಆದದ್ದು ಕನ್ನಡ ಬಲ್ಲವರೊಬ್ಬರು ಫೋನ್ ಎತ್ತಿದ್ದರಿಂದ.

ಆದ್ದರಿಂದ ಮನೆಯಲ್ಲಿ ಮರೆವಿನವರು ಇದ್ದರೆ ಇವತ್ತೇ ಒಂದು ಹಾಳೆ ಬರೆದಿಡಿ. ಇಂಗ್ಲೆಂಡಿನಲ್ಲಿ ಇದಕ್ಕೆ ಹರ್ಬರ್ಟ್ ಪ್ರೋಟೊಕಾಲ್ ಎನ್ನುತ್ತಾರೆ. ಜಾರ್ಜ್ ಹರ್ಬರ್ಟ್ ಎಂಬವರು ನಾರ್ಮಂಡಿಯಲ್ಲಿ ಹೋರಾಡಿದ ಸೈನಿಕ. ಮುಪ್ಪಿನಲ್ಲಿ ಮರೆವು ಬಂದು, ತಾನು ಬಾಲ್ಯ ಕಳೆದ ಮನೆಯನ್ನು ಹುಡುಕಿಕೊಂಡು ಆರೈಕೆ ಗೃಹದಿಂದ ಹೊರಟುಬಿಟ್ಟಿದ್ದರು. ಅವರ ಹೆಸರಿನ ಈ ನಮೂನೆಯನ್ನು ಕಾಣೆಯಾಗುವ ಮೊದಲೇ ತುಂಬಿಟ್ಟಿರುತ್ತಾರೆ, ಹೋದ ಕೂಡಲೇ ಪೊಲೀಸರ ಕೈಗೆ ಕೊಡುತ್ತಾರೆ. ನಮ್ಮ ಹಾಳೆಯಲ್ಲಿ ಏನಿರಬೇಕು? ಗೋಧಿ ಬಣ್ಣ ಬೇಡ. ಮುಂಗೈ ಮೇಲಿನ ಹಸಿರು ಹಚ್ಚೆ ಇದ್ದರೆ ಅದು ಬೇಕು. ನಡೆಯುವಾಗ ಯಾವ ಕಾಲು ಎಳೆಯುತ್ತಾರೆ, ಕಿವಿ ಮಂದವೇ, ಎಡಗೈಯೇ. ಆಧಾರ್ ಕಾರ್ಡಿನ ಹೆಸರಲ್ಲ, ಓಗೊಡುವ ಹೆಸರು. ದಾಖಲೆಯಲ್ಲಿ ಶಾರದಾಬಾಯಿ ಇದ್ದರೂ ತಿರುಗಿ ನೋಡುವುದು "ಶಾರವ್ವ" ಎಂದರೆ ಇರಬಹುದು. ಹಳೆಯ ವಿಳಾಸಗಳು, ದುಡಿದ ಕಚೇರಿ, ಇಲ್ಲಿ ದಿನವೂ ಹೋಗುವ ಜಾಗ, ಹಿಂದೆ ತಪ್ಪಿಸಿಕೊಂಡಾಗ ಸಿಕ್ಕ ಜಾಗ. ಮಧುಮೇಹದ ಮಾತ್ರೆ ಯಾವ ಹೊತ್ತಿಗೆ ಬೇಕು. ಈ ತಿಂಗಳ ಫೋಟೊ, ನಿಂತದ್ದು, ಮನೆಯ ಬಟ್ಟೆಯಲ್ಲಿ. ಮೊಮ್ಮಗನ ಮದುವೆಯ ರೇಷ್ಮೆ ಸೀರೆಯ ಫೋಟೊ ನೋಡಿ ಯಾರೂ ಗುರುತಿಸಲಾರರು. ಕೊನೆಗೆ, ಅವರು ಪದೇ ಪದೇ ಹೇಳುವ ಎರಡು ಮೂರು ಮಾತು ಮತ್ತು ಹಿಂದಿಯಲ್ಲಿ ಅದರ ಅರ್ಥ. ಒಂದು ಪ್ರತಿ ಗಾರ್ಡಿಗೆ, ಒಂದು ನಿಮ್ಮ ಫೋನಿನಲ್ಲಿ.

ಮೈಮೇಲೂ ಒಂದು ಗುರುತು ಇರಲಿ. ಚೀಟಿಯಲ್ಲಿ ದೇವನಾಗರಿ ಅಕ್ಷರದಲ್ಲಿ "ಇನ್ಹೇಂ ಭೂಲ್ನೇ ಕೀ ಬೀಮಾರೀ ಹೈ, ಕೇವಲ್ ಕನ್ನಡ ಬೋಲ್ತೀ ಹೈಂ, ಇಸ್ ನಂಬರ್ ಪರ್ ಫೋನ್ ಕರೇಂ" ಎಂದು ಬರೆದು ಎರಡು ಫೋನ್ ನಂಬರು ಹಾಕಿದರೆ ಸಾಕು, ಮನೆಯ ವಿಳಾಸ ಬೇಡ. ಪರ್ಸು, ವಾಚು, ಮೊಬೈಲು ಇವನ್ನು ತೆಗೆದಿಟ್ಟು ಹೋಗುತ್ತಾರೆ. ತಾಳಿ, ಬಳೆ, ಉಡಿದಾರ, ಜನಿವಾರ ತೆಗೆಯುವುದಿಲ್ಲ. ಸಣ್ಣ ಲೋಹದ ಬಿಲ್ಲೆಯನ್ನು ಅದಕ್ಕೇ ಕಟ್ಟಿ, ಇಲ್ಲವೇ ಲಂಗದ, ಬನಿಯನ್ನಿನ ಒಳಗೆ ಬಟ್ಟೆಯ ಪಟ್ಟಿ ಹೊಲಿಯಿರಿ. ಮುಂಬಯಿಯಲ್ಲಿ 2023ರಲ್ಲಿ ತಪ್ಪಿಸಿಕೊಂಡ 12 ವರ್ಷದ ಬುದ್ಧಿಮಾಂದ್ಯ ಹುಡುಗನೊಬ್ಬ ಕೊರಳಿನ ಪದಕದಲ್ಲಿದ್ದ ಕ್ಯೂಆರ್ ಕೋಡ್‌ನಿಂದ ಕೆಲವೇ ಗಂಟೆಯಲ್ಲಿ ಮನೆ ಸೇರಿದ. ಜಪಾನಿನ ಇರುಮಾ ಪಟ್ಟಣದಲ್ಲಿ 2016ರಿಂದ ಅಂಥ ಕೋಡನ್ನು ಉಗುರಿಗೇ ಅಂಟಿಸುವ ಏರ್ಪಾಡು ಬಂತು. ಆದರೆ ನಮ್ಮಲ್ಲಿ ಕೋಡ್ ಕಂಡರೆ ಜನ ಹಣ ಕಟ್ಟುವುದಕ್ಕೆ ಎಂದುಕೊಳ್ಳುತ್ತಾರೆ. ಓದಲು ಬರುವ ಅಕ್ಷರ ಪಕ್ಕದಲ್ಲಿರಲಿ.

ಜಿಪಿಎಸ್ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಉಪಯೋಗಕ್ಕೂ ಬರುತ್ತದೆ. ಆದರೆ ಎರಡು ಬಗೆಯನ್ನು ಗೊಂದಲ ಮಾಡಿಕೊಳ್ಳಬಾರದು. ಸಿಮ್ ಇರುವ ಟ್ರ್ಯಾಕರು ಉಪಗ್ರಹದಿಂದ ತನ್ನ ಜಾಗ ತಿಳಿದು ಮೊಬೈಲ್ ಜಾಲದ ಮೂಲಕ ನಿಮಗೆ ಕಳಿಸುತ್ತದೆ. ಅದಕ್ಕೆ ಆಕಾಶ ಕಾಣಬೇಕು, ಬ್ಯಾಟರಿ ಆಗಾಗ ತುಂಬಿಸಬೇಕು; ಬೇಸ್‌ಮೆಂಟಿನಲ್ಲಿ, ಮೆಟ್ರೊ ಸುರಂಗದಲ್ಲಿ ಕೈಕೊಡುತ್ತದೆ. ಬಿಲ್ಲೆಯಂಥ ಟ್ಯಾಗುಗಳಲ್ಲಿ, ಉದಾಹರಣೆಗೆ 2021ರಲ್ಲಿ ಬಂದ ಆಪಲ್ ಏರ್‌ಟ್ಯಾಗ್‌ನಲ್ಲಿ, ಜಿಪಿಎಸ್ ಇಲ್ಲವೇ ಇಲ್ಲ. ಹತ್ತಿರದಲ್ಲಿ ಹಾದುಹೋಗುವ ಯಾರದೋ ಐಫೋನ್ ಅದನ್ನು ಗುರುತಿಸಿ ಸುದ್ದಿ ಮುಟ್ಟಿಸಬೇಕು. ಮಾಲ್‌ನಲ್ಲಿ ಅದು ಚುರುಕು, ಹಿಂಡನ್ ದಂಡೆಯಲ್ಲಿ ಮೂಕ. ಏನೇ ಇಟ್ಟರೂ ಅವರಿಗೆ ತಿಳಿಯುವಷ್ಟು ತಿಳಿಸಿ, ಒಪ್ಪಿಸಿ ಇಡುವುದು ಮರ್ಯಾದೆ. ಬೀಗ ಹಾಕಿ ಹೋಗುವುದಂತೂ ಬೇಡ, ಬೆಂಕಿ ಬಿದ್ದರೆ ಗತಿಯೇನು?

ಆಧಾರ್ ಕೂಡ ಕೆಲವೊಮ್ಮೆ ಕೈಹಿಡಿದಿದೆ. 2017ರಲ್ಲಿ ಬೆಂಗಳೂರಿನ ಒಂದು ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಮಕ್ಕಳಿಗೆ ನೋಂದಣಿ ಮಾಡಿಸಲು ಹೋದಾಗ ಕೆಲವರ ಬೆರಳಚ್ಚು ಮೊದಲೇ ದಾಖಲಾಗಿರುವುದು ತಿಳಿದು, ಬೇರೆ ರಾಜ್ಯಗಳಲ್ಲಿದ್ದ ಅವರ ಮನೆಗಳು ಸಿಕ್ಕವು. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಕಣ್ಣಿನ ಗುರುತೂ ಸೇರಿದಂತೆ ಆಧಾರ್ ಹೊಸದಾಗಿ ಮಾಡಿಸಿಟ್ಟರೆ ಒಳ್ಳೆಯದು.

ವಾಟ್ಸಾಪಿಗೆ ಹಾಕುವ ಸುದ್ದಿಯ ಬಗ್ಗೆ ಒಂದು ಮಾತು. ಫೋಟೊದ ಮೇಲೆಯೇ ತಾರೀಖು, ಹೊತ್ತು ಬರೆಯಿರಿ. ಸಿಕ್ಕ ಕೂಡಲೇ "ಸಿಕ್ಕಿದ್ದಾರೆ" ಎಂದು ಹಾಕಿ. ಎಂದೋ ಮನೆ ಸೇರಿದವರ ಫೋಟೊ ವರ್ಷಗಟ್ಟಲೆ ತಿರುಗುತ್ತ, ಇವತ್ತು ನಿಜವಾಗಿ ಕಾಣೆಯಾದವರನ್ನೂ ಯಾರೂ ನಂಬದಂತಾಗಿದೆ.

ಇನ್ನೊಂದು ವಿಷಯ, ಯಾರೂ ಬಾಯಿಬಿಟ್ಟು ಹೇಳದ್ದು. ಕಾಣೆಯಾದ ಮೊದಲ ಗಂಟೆಯಲ್ಲೇ ಮನೆಯಲ್ಲಿ ಒಬ್ಬರ ಮೇಲೆ ತಪ್ಪು ಬೀಳುತ್ತದೆ. ಹೆಚ್ಚಾಗಿ ಸೊಸೆಯ ಮೇಲೆ, ಇಲ್ಲವೇ ಕೆಲಸದಾಕೆಯ ಮೇಲೆ. "ಅಷ್ಟೂ ನೋಡಿಕೊಳ್ಳಲಾಗಲಿಲ್ಲವೇ" ಎಂದು ಊರಿನಿಂದ ನಾದಿನಿಯ ಫೋನ್ ಬರುತ್ತದೆ. ಜಪಾನಿನಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 2007ರಲ್ಲಿ ಓಬು ಎಂಬ ಊರಿನಲ್ಲಿ 91 ವರ್ಷದ ಮರೆವಿನ ಅಜ್ಜ ಹಳಿಯ ಮೇಲೆ ಹೋಗಿ ರೈಲಿಗೆ ಸಿಕ್ಕಿ ತೀರಿಕೊಂಡರು. ನೋಡಿಕೊಳ್ಳುತ್ತಿದ್ದ ಹೆಂಡತಿಗೇ 85, ಒಂದು ಗಳಿಗೆ ಕಣ್ಣು ಹತ್ತಿತ್ತು. ರೈಲು ತಡವಾದ ನಷ್ಟ ಕಟ್ಟಿಕೊಡಿ ಎಂದು ರೈಲ್ವೆ ಕಂಪನಿ ಸುಮಾರು 72 ಲಕ್ಷ ಯೆನ್ ಕೇಳಿ ಮನೆಯವರ ಮೇಲೆ ದಾವೆ ಹೂಡಿತು. 2016ರ ಮಾರ್ಚ್ 1ರಂದು ನ್ಯಾಯಾಲಯ ಮನೆಯವರು ಹೊಣೆಯಲ್ಲ ಎಂದಿತು. ಅಷ್ಟೆಲ್ಲ ಏರ್ಪಾಡು ಇರುವ ಆ ದೇಶದಲ್ಲೇ 2024ರಲ್ಲಿ ಇಂಥವರು 18,000ಕ್ಕೂ ಹೆಚ್ಚು ಮಂದಿ ಕಾಣೆಯಾದರು, ಸುಮಾರು 500 ಮಂದಿ ಶವವಾಗಿ ಸಿಕ್ಕರು. ಇಪ್ಪತ್ತನಾಲ್ಕು ಗಂಟೆಯೂ ಒಬ್ಬರೇ ಒಬ್ಬರನ್ನು ಕಾಯಲಾಗುವುದಿಲ್ಲ. ಒಮುತಾ ಎಂಬ ಪಟ್ಟಣದಲ್ಲಿ ಅದಕ್ಕೇ ಊರಿನವರೆಲ್ಲ ಸೇರಿ ಅಣಕು ಹುಡುಕಾಟ ನಡೆಸುವ ಪದ್ಧತಿ ಬೆಳೆಯಿತು. ಒಬ್ಬರು ದಾರಿ ತಪ್ಪಿದವರಂತೆ ನಟಿಸುತ್ತ ನಡೆಯುತ್ತಾರೆ, ಉಳಿದವರು ಗುರುತಿಸಿ ಮಾತನಾಡಿಸಲು ಕಲಿಯುತ್ತಾರೆ. ನಮ್ಮ ಕನ್ನಡ ಕೂಟಗಳು ರಾಜ್ಯೋತ್ಸವದ ಹಾಡು-ಊಟದ ನಡುವೆ ಒಂದು ಗಂಟೆ ಇದಕ್ಕೆ ಕೊಡಬಾರದೇಕೆ?

ಸಿಕ್ಕ ಮೇಲೆ ಬೈಯಬೇಡಿ. ಏಕೆ ಬೈಯುತ್ತಿದ್ದೀರಿ ಎಂಬುದು ಅವರಿಗೆ ತಿಳಿಯುವುದಿಲ್ಲ, ಬೈದದ್ದು ಮಾತ್ರ ತಿಳಿಯುತ್ತದೆ. ನೀರು ಕೊಡಿ, ಅಂಗಾಲು ನೋಡಿ, ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದ್ದರೆ ಮೂತ್ರದ ಸೋಂಕೋ ಹೊಸ ಮಾತ್ರೆಯೋ ಕಾರಣ ಇರಬಹುದು. ಎಲ್ಲಿ ಸಿಕ್ಕರು ಎಂಬುದನ್ನು ಆ ಹಾಳೆಗೆ ಸೇರಿಸಿ. ಒಮ್ಮೆ ಹೋದವರು ಮತ್ತೆ ಹೋಗುತ್ತಾರೆ, ಅನೇಕ ವೇಳೆ ಅದೇ ದಿಕ್ಕಿಗೆ.

ಇನ್ನು ನಮ್ಮ ಕೇಳುಗರಲ್ಲಿ ಯಾರಿಗಾದರೂ ಬಟಾನಿಕಲ್ ಗಾರ್ಡನ್ ಮೆಟ್ರೊ ಮೆಟ್ಟಿಲ ಬಳಿಯೋ ಅಟ್ಟಾ ಮಾರ್ಕೆಟ್ಟಿನಲ್ಲೋ ಇಂಥವರು ಕಂಡರೆ? ಚಳಿಯಲ್ಲಿ ಸ್ವೆಟರ್ ಇಲ್ಲ, ಎರಡು ಕಾಲಿಗೆ ಎರಡು ಜಾತಿಯ ಚಪ್ಪಲಿ, ಹಾದುಹೋಗುವವರಿಗೆಲ್ಲ ಅದೇ ಪ್ರಶ್ನೆ, ಕಿವಿಗೆ ಬಿದ್ದದ್ದು ಕನ್ನಡವೇ ಎಂಬ ಅನುಮಾನ. ಹಿಂದಿನಿಂದ ಹೋಗಿ ಕೈ ಹಿಡಿಯಬೇಡಿ. ಎದುರಿಗೆ ಬಂದು ನಿಧಾನವಾಗಿ "ಊಟ ಆಯ್ತಾ ಅಜ್ಜಿ? ಯಾವೂರು ನಿಮ್ದು?" ಎಂದು ಶುರುಮಾಡಿ. "ನೆನಪಿಲ್ವಾ?" ಎಂದು ಕೇಳಬೇಡಿ. ಎಲ್ಲಿಗೆ ಹೊರಟಿದ್ದಾರೋ ಅದನ್ನು ಅಲ್ಲಗಳೆಯದೆ, "ಕೂತ್ಕೊಳ್ಳಿ, ಚಹಾ ಕುಡಿದು ಹೋಗೋಣ" ಎನ್ನಿ. ಬಳೆ, ಕೊರಳು, ಬಟ್ಟೆಯ ಅಂಚಿನಲ್ಲಿ ನಂಬರು ಇದೆಯೇ ನೋಡಿ, ಇಲ್ಲದಿದ್ದರೆ 112. ಪೊಲೀಸರು ಬಂದ ಕೂಡಲೇ ಹೊರಟುಬಿಡಬೇಡಿ. ಅವರ ಮಾತನ್ನು ಹಿಂದಿಯಲ್ಲಿ ಹೇಳಲು ಠಾಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಆಫೀಸಿಗೆ ತಡವಾಗುತ್ತದೆ ಎಂದಾದರೆ ನಿಮ್ಮ ಫೋನ್ ನಂಬರನ್ನಾದರೂ ಡ್ಯೂಟಿ ಅಧಿಕಾರಿಗೆ ಬರೆದುಕೊಟ್ಟು ಹೋಗಿ.